ಬರೆಯದೆ ಬಿಟ್ಟ ಚೀಟಿ

ಮೂವತ್ತೇಳನೆಯ ಚೀಟಿ ಬರೆದವಳೇ ನರ್ಸಕ್ಕ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಳು. ಪಾಸ್ಟರ್ ಕೊಟ್ಟ ಪಟ್ಟಿಯಲ್ಲಿದ್ದದ್ದು ಮೂವತ್ತೆಂಟು ಹೆಸರು. ಉಳಿದ ಆ ಒಂದು ಹೆಸರಿನ ಮೇಲೆ, ಎದುರಿಗೆ ಕೂತು ಚೀಟಿ ಮಡಚುತ್ತಿದ್ದ ಅಮ್ಮನಿಗೆ ಕಾಣದ ಹಾಗೆ, ಮೆಲ್ಲಗೆ ಮೊಣಕೈ ಇಟ್ಟಳು. ಮೂರು ವರ್ಷದಿಂದ ಅವಳು ಮಾಡಿಕೊಂಡು ಬಂದ ಕಳ್ಳಾಟ ಇದು.

ನಾಳೆ ವರ್ಷದ ಮೊದಲ ಭಾನುವಾರ. ಆರಾಧನೆ ಮುಗಿದ ಮೇಲೆ ಚರ್ಚಿನ ಸಭೆಯವರೆಲ್ಲ, ಮಕ್ಕಳು ಮರಿ ಎನ್ನದೆ, ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿ ಒಂದೊಂದು ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಒಂದು ದೇಶ, ಅದನ್ನು ಆಳುವವರ ಹೆಸರು. ವರ್ಷವಿಡೀ ದಿನಾ ಅವರಿಗಾಗಿ ಪ್ರಾರ್ಥನೆ ಮಾಡಬೇಕು. ಅದಲುಬದಲು ಇಲ್ಲ, ಯಾರು ಬಂದರೆಂದು ಮನೆಯಾಚೆ ಹೇಳುವಂತೆಯೂ ಇಲ್ಲ. ಬಂದವರೇ ನೆಂಟರು.

ನೆಂಟರೆಂದರೆ ನೆಂಟರೇ! ನರ್ಸಕ್ಕ ಚಿಕ್ಕವಳಿದ್ದಾಗ ಒಂದು ವರ್ಷ ಅಮ್ಮನಿಗೆ ಯಾವುದೋ ದ್ವೀಪದ ಅಧ್ಯಕ್ಷ ಬಂದಿದ್ದ. ರೇಡಿಯೋದಲ್ಲಿ ಆ ದ್ವೀಪದ ಹೆಸರು ಕೇಳಿದರೆ ಸಾಕು, ಅಪ್ಪ ಅಡುಗೆಮನೆ ಕಡೆ ಕೂಗುತ್ತಿದ್ದ: "ಬಾರೇ, ನಿನ್ನ ತವರುಮನೆ ಸುದ್ದಿ ಬರ್ತಿದೆ!" ಆ ಮನುಷ್ಯನನ್ನು ಅವನ ಸೈನ್ಯವೇ ಕಿತ್ತೊಗೆದ ದಿನ ಅಮ್ಮ ಊಟ ಬಿಟ್ಟಿದ್ದಳು. ಇನ್ನು ತಮ್ಮನೋ, ಆರು ವರ್ಷದ ಪೋರ, ತನಗೆ ಬಂದ ಸೇನಾಧಿಪತಿಗಾಗಿ ಕಣ್ಣು ಬಿಗಿಯಾಗಿ ಮುಚ್ಚಿ, "ಕರ್ತನೇ, ಇವರಿಗೆ ಚೆನ್ನಾಗಿ ನಿದ್ದೆ ಬರಲಿ. ನಿದ್ದೆಗೆಟ್ಟೋರಿಗೆ ಸಿಟ್ಟು ಜಾಸ್ತಿ" ಅಂದಿದ್ದ. ಅವತ್ತು ನಗು ತಡೆಯಲಾರದೆ ಯಾರಿಗೂ ಆಮೆನ್ ಹೇಳಲಾಗಲಿಲ್ಲ. ಎಂಥ ದಿನಗಳು ಅವು! ಇದೇ ಮೇಜಿನ ಸುತ್ತ ನಾಲ್ಕು ಜನ ಮಂಡಿಯೂರಿದರೆ ಲೋಕದ ಜಗಳವೆಲ್ಲ ಮುಗಿಯುತ್ತದೆ ಎಂದೇ ನಂಬಿದ್ದರು.

ಆಮೇಲೆ ಅಪ್ಪ ತೀರಿಕೊಂಡ. ತಮ್ಮ ಸರಕು ಹಡಗಿನಲ್ಲಿ ಅಡುಗೆಯವನಾದ. ಮೂರು ವರ್ಷದ ಕೆಳಗೆ ಆ ಹಡಗು ನಿಂತಿದ್ದ ಬಂದರಿನ ಮೇಲೆ ಬಾಂಬು ಬಿತ್ತು. ಜಗಳ ಯಾರದೋ, ಹೋದವನು ಇವರ ಮನೆಯ ಹುಡುಗ. ಯುದ್ಧ ಇನ್ನೂ ನಡೆದೇ ಇದೆ. ಬಾಂಬು ಹಾಕಿಸಿದವನ ಹೆಸರೇ ಈಗ ನರ್ಸಕ್ಕನ ಮೊಣಕೈ ಕೆಳಗಿರುವುದು. ಆ ಚೀಟಿ ಅಮ್ಮನ ಕೈಗೇ ಬಂದುಬಿಟ್ಟರೆ ಅವಳು ಉಳಿಯುವುದಿಲ್ಲ ಎಂಬ ಭಯ ಮಗಳಿಗೆ.

"ಮುಗೀತೇನೇ?" ಅಮ್ಮ ಕೇಳಿದಳು.

"ಹೂಂ."

"ಅವನದು ಬರೆದೆಯಾ?"

ಯಾರದು ಎಂದು ಕೇಳುವ ಅಗತ್ಯವಿರಲಿಲ್ಲ. ನರ್ಸಕ್ಕ ಮೊಣಕೈಯನ್ನು ಪಟ್ಟಿಯ ಮೇಲೆ ಇನ್ನಷ್ಟು ಒತ್ತಿದಳು.

"ಈ ಸಲನಾದ್ರೂ ಅದು ನನಗೆ ಬರಲಿ ಕಣೇ" ಅಂದಳು ಅಮ್ಮ. "ಅವನ ಹೆಸರು ಕೇಳಿದ್ರೆ ಇವತ್ತಿಗೂ ಮೈಯೆಲ್ಲ ಉರಿಯುತ್ತೆ. ನಾನಾಗೇ ಹೋಗಿ ಅವನಿಗೋಸ್ಕರ ಮಂಡಿಯೂರೋಕೆ ನನ್ನ ಕೈಲಾಗಲ್ಲ. ಚೀಟಿ ಬಂದ್ರೆ ಬೇರೆ ದಾರಿ ಇಲ್ಲ, ಮಾಡಲೇಬೇಕಲ್ಲ? ಮೂರು ವರ್ಷದಿಂದ ಕಾಯ್ತಿದ್ದೀನಿ, ಬರಲೇ ಇಲ್ಲ. ಹೋಗಲಿ, ಸಭೇಲಿ ಇನ್ಯಾರಿಗೋ ಬಂದಿರುತ್ತೆ, ಅವರು ಮಾಡ್ತಿರ್ತಾರೆ ಅಂತ ಸಮಾಧಾನ ಮಾಡ್ಕೊಂಡಿದ್ದೆ."

ನರ್ಸಕ್ಕ ಪಟ್ಟಿಯ ಮೇಲಿಂದ ಮೊಣಕೈ ತೆಗೆದಳು. ಇನ್ನು ಮುಚ್ಚಿಡುವುದು ಅವಳಿಂದಾಗಲಿಲ್ಲ.

"ಯಾರಿಗೂ ಬಂದಿಲ್ಲಮ್ಮ. ನಾನು ಅದನ್ನ ಬರೀಲೇ ಇಲ್ಲ. ಮೂರು ವರ್ಷದಿಂದಲೂ. ನಿನಗೇ ಬಂದುಬಿಟ್ರೆ ಅಂತ ಹೆದರಿಕೆ..."

ಅಮ್ಮನ ಕೈ ನಿಂತಿತು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಳು ನರ್ಸಕ್ಕ. ಅಮ್ಮ ಎರಡೂ ಮಾಡದೆ ಪಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ಅಂದ್ರೆ ಮೂರು ವರ್ಷದಿಂದ ಅವನಿಗೋಸ್ಕರ ಒಬ್ಬರೂ ಬೇಡಿಕೊಂಡಿಲ್ಲ" ಅಂದಳು. "ಯುದ್ಧ ಇನ್ನೂ ಯಾಕೆ ನಿಲ್ಲಿಸಿಲ್ಲ ಅಂತ ದಿನಾ ದೇವರನ್ನ ಬೈತಾ ಕೂತಿದ್ದೆನಲ್ಲೇ ನಾನು!"