ತಾರೀಖಿಲ್ಲದ ಪತ್ರಿಕೆ

ರವಿವಾರ ಬೆಳಿಗ್ಗೆ ಹತ್ತು ಹೊಡೆದು ಹತ್ತು ನಿಮಿಷವಾದರೂ ಬಾಳಮ್ಮನ ಮೊಮ್ಮಗಳು ಟಿವಿಯಲ್ಲಿ ಬರಲಿಲ್ಲ. ಬಂದದ್ದು ಕೂದಲೆಣ್ಣೆ ಮಾರುವ ಒಬ್ಬ ಮೀಸೆಯ ಮನುಷ್ಯ. ಮಹಾರಾಷ್ಟ್ರದ ಗಡಿಯೊಳಗಿನ ದಾಳಿಂಬ ಎಂಬ ಊರಿನ ಆ ಪಡಸಾಲೆಯಲ್ಲಿ ಓಣಿಯ ಹನ್ನೆರಡು ಹೆಂಗಸರು ಚಾಪೆಯ ಮೇಲೆ ಒತ್ತೊತ್ತಾಗಿ ಕೂತು ಅವನನ್ನೇ ನೋಡುತ್ತಿದ್ದರು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಉಮರಗಾ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯ ಶಾಂತವೀರಪ್ಪನಿಗೆ ಕೊಟ್ಟಿದ್ದರು. ಕಾರ್ಯಕ್ರಮದ ವೇಳೆ ತಿಳಿದದ್ದು ನಿಮ್ಮ ಪತ್ರಿಕೆಯಿಂದ, ನೀವು ಬರಲೇಬೇಕು ಎಂದು ಬಾಳಮ್ಮ ಎರಡು ಸಲ ಅಂಗಡಿಗೆ ಬಂದು ಹೇಳಿ ಹೋಗಿದ್ದಳು. ಪತ್ರಿಕೆ ಹಳೆಯದಾದರೇನು, ಕಾರ್ಯಕ್ರಮದ ವೇಳೆ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಈ ಭೂಪನೂ ಬಂದಿದ್ದ.

ಯಾವ ಚಾನೆಲ್ಲಿನಲ್ಲಿ ಎಷ್ಟು ಗಂಟೆಗೆ ಏನು ಎಂಬ ಪಟ್ಟಿ ಇರುವ ಕನ್ನಡದ ವಾರಪತ್ರಿಕೆ ಅದು, ಕಲಬುರಗಿಯಿಂದ ಬಸ್ಸಿನ ಮೇಲೆ ಬರುತ್ತಿತ್ತು. ಒಂದು ಕಾಲಕ್ಕೆ ಮೂವತ್ತು ಪ್ರತಿ ಹೋಗುತ್ತಿದ್ದ ಅಂಗಡಿಯಲ್ಲಿ ಈಗ ಗಿರಾಕಿ ಬಾಳಮ್ಮ ಒಬ್ಬಳೇ. ಎಲ್ಲಾ ಮೊಬೈಲಿನಲ್ಲೇ ಸಿಗುತ್ತದೆ, ಇದನ್ನು ಇನ್ನು ಯಾರು ಮೂಸುತ್ತಾರೆ ಎಂದು ಶಾಂತವೀರಪ್ಪ ಮೂರು ತಿಂಗಳ ಹಿಂದೆ ತರಿಸುವುದನ್ನೇ ಬಿಟ್ಟ. ಬಿಟ್ಟೆ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ. ಮಾರದೆ ಉಳಿದ ಪ್ರತಿಗಳಿಂದ ಪತ್ರಿಕೆಯ ಹೆಸರು, ತಾರೀಖು ಇರುವ ಮುಖಪುಟದ ಮೇಲಿನ ಅಂಚನ್ನಷ್ಟೇ ಕತ್ತರಿಸಿ, ರೊಕ್ಕ ವಾಪಸು ಸಿಗಲೆಂದು ಪ್ರೆಸ್ಸಿಗೆ ಕಳಿಸುವುದು ಪೇಪರಿನವರ ರೂಢಿ. ಮಿಕ್ಕಿದ್ದು ರದ್ದಿ. ಆ ರದ್ದಿಯಿಂದಲೇ ವಾರಕ್ಕೊಂದು ತೆಗೆದು ಆಕೆಗೆ ಕೊಡುತ್ತ ಬಂದ, ಅದೂ ರೊಕ್ಕ ತಗೊಂಡು. ಮೇಲೆ ಯಾಕೆ ಹರಿದಿದೆ ಎಂದು ಆಕೆ ಕೇಳಿದರೆ ಬಸ್ಸಿನಲ್ಲಿ ಹಗ್ಗ ಬಿಗಿದು ಹರಿಯಿತು ಎಂದ. ಒಳಗೆ ವಾರದ ಹೆಸರುಗಳಷ್ಟೇ ಇದ್ದವು, ತಾರೀಖು ಇರಲಿಲ್ಲ. ಬಾಳಮ್ಮ ನಂಬಿದಳು.

ಬಸವಕಲ್ಯಾಣದ ಕಡೆಯಿಂದ ಆಕೆ ಮದುವೆಯಾಗಿ ಬಂದು ನಲವತ್ತೆರಡು ವರ್ಷವಾಗಿತ್ತು. ಮನೆಯಲ್ಲಿ, ಓಣಿಯಲ್ಲಿ ಎಲ್ಲ ಮರಾಠಿ. ಹುಮನಾಬಾದಿನಲ್ಲಿರುವ ಮಗಳ ಮಗಳು ಪ್ರಣಿತಾ ಫೋನು ಮಾಡಿ, ಮಕ್ಕಳು ವಚನ ಹಾಡುವ ಕಾರ್ಯಕ್ರಮದಲ್ಲಿ ಈ ವಾರ ತಾನು ಬರುತ್ತೇನೆ ಎಂದಿದ್ದಳು. ಎಷ್ಟು ಹೊತ್ತಿಗೆ ಎಂದು ಮೊಬೈಲಿನಲ್ಲಿ ನೋಡಿ ಹೇಳುತ್ತೇನೆಂದ ಸೊಸೆ ದೀಪಾಲಿಗೆ ಬಾಳಮ್ಮ ಬೇಡವೆಂದಳು. ಆ ಮನೆಯಲ್ಲಿ ಆಕೆ ಒಬ್ಬಳಿಗೇ ಬರುವ ವಿದ್ಯೆ ಎಂದರೆ ಕನ್ನಡ ಓದುವುದು. ತನ್ನ ಪತ್ರಿಕೆಯಲ್ಲಿ ಬೆರಳಿಟ್ಟು ತಾನೇ ಹುಡುಕಿ, ಓಣಿಗೆಲ್ಲ ಹೇಳಿ ಬಂದು, ಬಂದವರಿಗೆಂದು ಶೇಂಗಾದ ಉಂಡಿ ಕಟ್ಟಿದ್ದಳು.

ಮೀಸೆಯವನು ಹೋಗಿ ಬೇರೆ ಯಾವುದೋ ಸಿನಿಮಾ ಶುರುವಾಯಿತು. ಮೊಮ್ಮಗಳು ಎಲ್ಲಿ ಎಂದು ಪಕ್ಕದ ಮನೆಯ ರಂಭಾಬಾಯಿ ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು. ಅಷ್ಟರಲ್ಲಿ ದೀಪಾಲಿ ಮೊಬೈಲು ತೆರೆದು ನೋಡಿಯೇಬಿಟ್ಟಿದ್ದಳು. ಎರಡು ತಿಂಗಳಿಂದ ಆ ಕಾರ್ಯಕ್ರಮ ಶನಿವಾರ ಸಂಜೆ ಐದಕ್ಕೆ ಬರುತ್ತಿದೆಯಂತೆ, ನಿನ್ನೆಯೇ ಆಗಿಹೋಗಿದೆ ಎಂದಳು. ಹೋಗಲಿ, ಮೊಬೈಲಿನಲ್ಲೇ ಇದೆಯಲ್ಲ ಎಂದು ಅದನ್ನೇ ಹಚ್ಚಿದಳು. ಅಂಗೈಯಗಲದ ಪ್ರಣಿತಾ ಕೈಯಿಂದ ಕೈಗೆ ದಾಟಿದಳು. ಚೆನ್ನಾಗಿ ಹಾಡುತ್ತಾಳೆ ಎಂದು ಎಲ್ಲರೂ ಹೇಳಿದರು. ಬಾಳಮ್ಮ ಮಾತ್ರ ಅತ್ತ ನೋಡಲೇ ಇಲ್ಲ. ಗೋಡೆಯ ಮಾಡದೊಳಗಿನ ಪತ್ರಿಕೆ ತಂದು ಶಾಂತವೀರಪ್ಪನ ಮುಂದೆ ಹಿಡಿದಳು.

"ಇಲ್ಲಿ ನಿಮ್ಮನ್ನ ಬಿಟ್ರ ಕನ್ನಡ ಓದಾವ್ರು ಯಾರೂ ಇಲ್ಲರೀ ಅಣ್ಣಾ. ನೋಡಿ ಹೇಳ್ರಿ, ಇಲ್ಲಿ ಏನಂತ ಬರದಾರ?"

ಆಕೆಯ ಬೆರಳ ಕೆಳಗೆ ಸ್ಪಷ್ಟವಾಗಿತ್ತು. ರವಿವಾರ, ಬೆಳಿಗ್ಗೆ ಹತ್ತು. ಹಾಗೆಂದು ಓದಿ ಹೇಳಿದರೆ ಪತ್ರಿಕೆ ಯಾಕೆ ತಪ್ಪಿತು ಎಂಬ ಮಾತು ಬರುತ್ತದೆ, ಆಮೇಲೆ ಹಗ್ಗ ಬಿಗಿದ ಸುಳ್ಳಿನ ಮಾತು. ಹನ್ನೆರಡು ಹೆಂಗಸರು ಅವನ ಬಾಯಿಯನ್ನೇ ನೋಡುತ್ತಿದ್ದರು.

"ಶನಿವಾರ ಅಂತ ಅದ ಅಕ್ಕಾ," ಅಂದ. "ಸಂಜಿ ಐದಕ್ಕ."

ಬಾಳಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು. ತುಟಿ ಅಲ್ಲಾಡಿತು. ಅಕ್ಷರಗಳು ಈಗಲೂ ರವಿವಾರ ಎಂದೇ ಹೇಳಿರಬೇಕು. ಆದರೆ ಪೇಪರ್ ಅಂಗಡಿಯವನೇ ಬೇರೆ ಹೇಳಿದ ಮೇಲೆ ಆಕೆ ತನ್ನ ಕಣ್ಣನ್ನು ನಂಬಲಿಲ್ಲ.

"ಹಂಗಾದ್ರ ನನಗ ಓದಾದು ಮರ್ತದ," ಅಂದಳು. ಅದನ್ನೇ ಹೆಂಗಸರಿಗೆ ಮರಾಠಿಯಲ್ಲೂ ಹೇಳಿ, ನಿಮ್ಮ ಹೊತ್ತು ಕೆಡಿಸಿದೆ ಎಂದು ಕೈ ಮುಗಿದಳು. ಹೊರಡುವಾಗ ಶಾಂತವೀರಪ್ಪನಿಗೆ ಉಂಡಿಯ ಪೊಟ್ಟಣವನ್ನೂ ಕಟ್ಟಿಕೊಟ್ಟಳು. ಅವನು ತಗೊಂಡ. ಆಟೋದಲ್ಲಿ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಜನ್ಮದಲ್ಲಿ ಆಗದಷ್ಟು ನಾಚಿಕೆಯಾಯಿತು. ಆದರೂ ಇಳಿದು ಹಿಂದಕ್ಕೆ ಹೋಗಲಿಲ್ಲ.

ಮರುವಾರ ಕಲಬುರಗಿಗೆ ಫೋನು ಮಾಡಿ ಹೊಸ ಪ್ರತಿ ತರಿಸಿದ. ಮೇಲಿನ ಅಂಚು, ತಾರೀಖು ಎಲ್ಲ ಇದ್ದ ಪ್ರತಿ. ಆಕೆ ಬಂದ ಕೂಡಲೇ ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಮಾತು ಹೊಂದಿಸಿಟ್ಟುಕೊಂಡಿದ್ದ. ಬಾಳಮ್ಮ ಬಂದಳು. ಅವನು ಪತ್ರಿಕೆ ಮುಂದೆ ಸರಿಸಿ ರೊಕ್ಕ ಬೇಡವೆಂದ. ಆಕೆ ಅದನ್ನು ಮುಟ್ಟದೆ ನಿಂತಳು.

"ಇದು ಈಗ ಬ್ಯಾಡರೀ ಅಣ್ಣಾ. ಕನ್ನಡ ಅಂಕಲಿಪಿ ಇದ್ರ ಕೊಡ್ರಿ, ಸಣ್ಣ ಮಕ್ಕಳು ಅಆಇಈ ಕಲೀತಾರಲ್ಲ, ಅದು. ಮೊದಲಿಂದ ಕಲೀತೀನಿ."

ಶಾಂತವೀರಪ್ಪ ಹಲಗೆಯ ಕೆಳಗೆ ಬಗ್ಗಿ ಹುಡುಕತೊಡಗಿದ. ಆ ಪುಸ್ತಕ ಅಲ್ಲಿಲ್ಲವೆಂದು ಅವನಿಗೆ ಗೊತ್ತಿತ್ತು. ಎಷ್ಟು ಹೊತ್ತಾದರೂ ತಲೆ ಮೇಲೆತ್ತಲಿಲ್ಲ.