ಒಂದು ಲೋಟ ಒಳ್ಳೆ ನೀರು

"ಒಂದು ಹನಿ ಒಳ್ಳೆ ನೀರಿಲ್ಲದೆ ಇಷ್ಟು ಚೆನ್ನಾಗಿ ಬೆಳೆದಿವೆಯಲ್ಲ!" ವಿಜ್ಞಾನದ ಮೇಷ್ಟ್ರು ಕುಂಡ ಎತ್ತಿಕೊಳ್ಳುತ್ತಾ ಹೇಳಿದರು.

"ಹನಿ ಯಾಕೆ ಮೇಷ್ಟ್ರೇ, ದಿನಾ ಒಂದು ಲೋಟ ಹಾಕಿದೀನಿ," ಎಂದಳು ಗಿಡ ಬೆಳೆಸಿದ ಹುಡುಗಿಯ ಅಜ್ಜಿ, ಹೆಮ್ಮೆಯಿಂದ.

ಮೇಷ್ಟ್ರು ಕುಂಡವನ್ನು ಮೆಲ್ಲಗೆ ಕೆಳಗಿಟ್ಟರು. ಅಂಗಳದಲ್ಲಿ ಬೀನ್ಸ್ ಗಿಡದ ಕುಂಡಗಳ ಎರಡು ಸಾಲು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬಟ್ಟೆ ಒಗೆದ ಸೋಪಿನ ನೀರು. ಎರಡೂ ಸಾಲು ಒಂದೇ ಹಸಿರು. "ಚರಂಡಿಗೆ ಚೆಲ್ಲೋ ನೀರಲ್ಲಿ ಗಿಡ ಬದುಕಲ್ವಾ ಸಾರ್?" ಎಂದು ಹುಡುಗಿ ಕೇಳಿದಾಗ, "ನನಗೂ ಗೊತ್ತಿಲ್ಲ, ನಮ್ಮ ಪುಸ್ತಕದಲ್ಲೂ ಇಲ್ಲ. ನೀನೇ ಕಂಡುಹಿಡಿ," ಎಂದು ಹುರಿದುಂಬಿಸಿದವರು ಅವರೇ. ತರಗತಿಯ ಉಳಿದವರೆಲ್ಲ ಮಣ್ಣಿನ ಜ್ವಾಲಾಮುಖಿ ಮಾಡಿ ನೊರೆ ಉಕ್ಕಿಸಿದ್ದರು. ಸ್ವಂತ ಪ್ರಶ್ನೆ ಇದ್ದದ್ದು ಇವಳೊಬ್ಬಳಿಗೇ. ನಾಳೆಯ ಪ್ರದರ್ಶನದಲ್ಲಿ ಗೆದ್ದರೆ ರಜೆಯಲ್ಲಿ ದೊಡ್ಡ ಪ್ರಯೋಗಾಲಯದಲ್ಲಿ ಕಲಿಯುವ ಅವಕಾಶ. ಹೊರಗೆ ವ್ಯಾನ್ ಕಾಯುತ್ತಿತ್ತು.

"ಮುಟ್ಟಬೇಡ ಅಂತ ಅವಳು ಹೇಳಿರ್ಲಿಲ್ವಾ ಅಜ್ಜಿ?"

"ಹೇಳಿದ್ಲಪ್ಪ. ಎಳೆ ಜೀವ ಕಣ್ಣೆದುರೇ ತಲೆ ಬಗ್ಗಿಸಿ ನಿಂತಿದ್ರೆ ಸುಮ್ನಿರೋಕೆ ನಾನೇನು ಕಲ್ಲಾ? ನನ್ನ ಪಾಲಿನ ಕುಡಿಯೋ ನೀರೇ ಹಾಕಿದ್ದು." ಮೇಷ್ಟ್ರ ಮುಖ ನೋಡಿ ಅಜ್ಜಿಯ ದನಿ ಇಳಿಯಿತು. "ತಪ್ಪಾಯ್ತಾ? ಹಾಗಾದ್ರೆ ಅವಳಿಗೆ ಹೇಳ್ಬೇಡಿ. ಕೂಸು ಗೆದ್ದು ಬರ್ಲಿ."

ಮೇಷ್ಟ್ರು ಹೊರಗೆ ನಿಂತ ವ್ಯಾನ್ ಕಡೆ ನೋಡಿದರು. ಬಾಯಿ ಬಿಡದಿದ್ದರೆ ನರಪಿಳ್ಳೆಗೂ ತಿಳಿಯದು. ಹಚ್ಚಿದ ದೀಪವನ್ನು ತಾವೇ ಊದಿ ಆರಿಸಬೇಕೆ? ಆದರೆ ಈ ಗಿಡಗಳನ್ನು ನಂಬಿ ನಾಳೆ ಯಾರಾದರೂ ತಮ್ಮ ತೋಟಕ್ಕೆಲ್ಲ ಸೋಪಿನ ನೀರು ಹರಿಸಿದರೆ?

"ಸಾರ್, ಬೇಗ! ಡ್ರೈವರ್ ಅಂಕಲ್ ಬೈತಿದಾರೆ," ಎನ್ನುತ್ತಾ ಹುಡುಗಿ ಓಡಿಬಂದಳು. ಮೇಷ್ಟ್ರು ನೆಲ ನೋಡುತ್ತಲೇ ಅಜ್ಜಿಯ ಲೋಟದ ವಿಷಯ ಹೇಳಿ ಮುಗಿಸಿದರು. ಹುಡುಗಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಗೋಡೆ ನೋಡಿದಳು.

"ಅಂದ್ರೆ ನಂಗೆ ಏನೂ ಗೊತ್ತಾಗಿಲ್ಲ ಅಂತಾಯ್ತು." ಹುಡುಗಿ ಮತ್ತೆ ಮೇಷ್ಟ್ರ ಕಡೆ ತಿರುಗಿದಳು.

"ಹೌದಮ್ಮ."

ಹುಡುಗಿ ಬಗ್ಗಿ ಸೋಪಿನ ನೀರಿನ ಸಾಲಿನ ಒಂದು ಎಲೆ ಮುಟ್ಟಿ ನೋಡಿದಳು. ಆಮೇಲೆ ಮೂಗೊರೆಸಿಕೊಂಡು, "ವ್ಯಾನ್ ಕಳಿಸಿಬಿಡಿ ಸಾರ್," ಎಂದಳು. "ಬರೀ ಸೋಪಿನ ನೀರಲ್ಲಿ ನಿಜವಾಗ್ಲೂ ಸಾಯ್ತವಾ, ಇಲ್ವಾ?"

ಮೇಷ್ಟ್ರ ಬಳಿ ಈಗಲೂ ಇದ್ದದ್ದು ಮೊದಲ ಸಲದ ಉತ್ತರವೇ. "ನನಗೆ ಗೊತ್ತಿಲ್ಲಮ್ಮ."

ತಿಂಗಳ ಮೇಲೆ ಅವರು ಮತ್ತೆ ಬಂದಾಗ ಹೊಸ ಕುಂಡಗಳು ತಾರಸಿಯ ಮೇಲಿದ್ದವು. ಅಲ್ಲಿಗೆ ಕಡಿದಾದ ಕಬ್ಬಿಣದ ಏಣಿ. ಅಜ್ಜಿಯ ಮಂಡಿ ಅದಕ್ಕೆ ಒಪ್ಪುವಂಥದ್ದಲ್ಲ. ಮೇಲೆ ಹುಡುಗಿ ಕುಕ್ಕರಗಾಲಲ್ಲಿ ಕೂತು, ಬಾಡಿ ಬಗ್ಗಿದ ಸಸಿಯೊಂದಕ್ಕೆ ಅಳತೆಪಟ್ಟಿ ಹಿಡಿದಿದ್ದಳು.

ಏಣಿಯ ಬುಡದಲ್ಲಿ ಅಜ್ಜಿ ತುಂಬಿದ ಲೋಟ ಹಿಡಿದು ಮೇಲೆ ನೋಡುತ್ತಾ ನಿಂತಿದ್ದಳು.