ಬೆರಳಿಲ್ಲದ ನಾಡಿ

ನಾಡಿ ನೋಡುವ ಕ್ಲಿಪ್ಪನ್ನು ತಂಗಿ ಬೆರಳಿನಿಂದ ಕಿತ್ತು ಮೇಜಿನ ಮೇಲಿಟ್ಟರೂ ಪರದೆಯಲ್ಲಿದ್ದ ಎಪ್ಪತ್ತೆರಡು ಅಳಿಸಿಹೋಗಲಿಲ್ಲ.

"ಅಕ್ಕಾ, ನಿನ್ನ ಮೇಜಿಗೂ ನಾಡಿ ಇದೆ ಕಣೇ!" ಎಂದು ಅವಳು ನಕ್ಕಳು.

ಅಕ್ಕ ಪರದೆಯತ್ತ ಬಾಗಿದಳು. ನಿಜವಾದ ಕ್ಲಿಪ್ ಕೈಗೆ ಬರುವ ಮುನ್ನ, ಪರೀಕ್ಷೆಗೆಂದು, ಇಲ್ಲದ ಕ್ಲಿಪ್ಪನ್ನು ಇದೆಯೆಂದು ಯಂತ್ರದ ಮೂಲ ತಂತ್ರಾಂಶವಾದ ಕರ್ನಲ್‌ಗೆ ನಂಬಿಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ಅದು ಯಾವಾಗ ಕೇಳಿದರೂ ಎಪ್ಪತ್ತೆರಡನ್ನೇ ಹೇಳುತ್ತಿತ್ತು. ಅದನ್ನು ತೆಗೆಯಲು ಮರೆತಿದ್ದಳು. ಇದೇ ಕರ್ನಲ್ ಇರುವ ಮೊದಲ ಯಂತ್ರವನ್ನು ಬೆಳಿಗ್ಗೆ ಹಟ ಹಿಡಿದು ಆಸ್ಪತ್ರೆಯಲ್ಲಿ ಅಪ್ಪನಿಗೇ ಹಾಕಿಸಿ ಬಂದಿದ್ದಳು.

ಅಮ್ಮನಿಗೆ ಫೋನ್ ಮಾಡಿದಳು. "ಅಪ್ಪ ಹೇಗಿದ್ದಾರಮ್ಮಾ?"

"ಮಧ್ಯಾಹ್ನದಿಂದ ಅಲ್ಲಾಡದೆ ಮಲಗಿದ್ದಾರೆ ಕಣೇ. ನಿನ್ನ ಯಂತ್ರ ಒಂದೇ ಸಮ ಎಪ್ಪತ್ತೆರಡು ತೋರಿಸ್ತಿದೆ. ಅದಕ್ಕೇ ನಾನೂ ಎಬ್ಬಿಸೋಕೆ ಹೋಗಿಲ್ಲ."